ಪ್ರತಿಕ್ರಿಯೆ: ಕಂಪ್ಯೂಟರ್ ಇಲ್ಲದ ಶಾಲೆಗಳ ಶಿಕ್ಷಕರಿಗೆ ಗಣನಾತ್ಮಕ ಚಿಂತನೆಯ ತರಬೇತಿ

ಮಾನ್ಯರೇ,

ಕ್ಲಸ್ಟರ್‌ನ ಪ್ರಾಥಮಿಕ ಶಿಕ್ಷಕರಿಗೆ ಗಣನಾತ್ಮಕ ಚಿಂತನೆಯ (ಸಮಸ್ಯೆಯನ್ನು ಸಣ್ಣ, ಸ್ಪಷ್ಟ ಹಂತಗಳಾಗಿ ಬಿಡಿಸಿ ಪರಿಹರಿಸುವ ಕ್ರಮದ) ಬಗ್ಗೆ ಎರಡು ದಿನಗಳ ತರಬೇತಿ ನೀಡಬೇಕಾಗಿದ್ದು, ಶಾಲೆಗಳಲ್ಲಿ ಕಂಪ್ಯೂಟರೇ ಇಲ್ಲದಿರುವಾಗ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ತಂತ್ರಾಂಶವಾದ ಸ್ಕ್ರ್ಯಾಚ್‌ನಿಂದ ಆರಂಭಿಸಬಹುದೇ ಎಂದು ಕೇಳಿದ್ದೀರಿ. ಮೊದಲ ದಿನವಂತೂ ಅದು ಬೇಡವೆಂಬುದು ನನ್ನ ಅಭಿಪ್ರಾಯ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಈ ಚಿಂತನೆಯನ್ನು ಗಣಿತದ ಜೊತೆಯಲ್ಲೇ ಹೆಸರಿಸಿರುವುದರಿಂದ ಗಣಿತದ ತರಗತಿಯಿಂದಲೇ ತೊಡಗುವುದು ಸೂಕ್ತ.

ಕಂಪ್ಯೂಟರ್ ಇಲ್ಲದೆಯೇ ಕಂಪ್ಯೂಟರ್ ವಿಜ್ಞಾನ ಕಲಿಸಲು ನ್ಯೂಜಿಲೆಂಡಿನಲ್ಲಿ ರೂಪುಗೊಂಡ ಸಿಎಸ್ ಅನ್‌ಪ್ಲಗ್ಡ್ ಚಟುವಟಿಕೆಗಳಿಗೆ ಕಾಗದ ಸಾಕು. 1, 2, 4, 8, 16 ಚುಕ್ಕೆಗಳ ಐದು ಕಾರ್ಡುಗಳನ್ನು ತೆರೆದು ಮುಚ್ಚುತ್ತಾ 0ಯಿಂದ 31ರವರೆಗಿನ ಯಾವ ಸಂಖ್ಯೆಯನ್ನಾದರೂ ತೋರಿಸಬಹುದು. 21ಕ್ಕೆ 16, 4 ಮತ್ತು 1 ಮಾತ್ರ ತೆರೆದಿರುತ್ತವೆ. (ತಿಂಗಳ ಎಲ್ಲ ದಿನಾಂಕಗಳೂ ಇದರೊಳಗೆ ಬರುವುದರಿಂದ ಶಿಕ್ಷಕರು ತಮ್ಮ ಹುಟ್ಟಿದ ದಿನವನ್ನೇ ತೋರಿಸಲಿ.)

ಆದರೆ ಹೆಚ್ಚಿನ ಸಮಯವನ್ನು ದೋಷ ಹುಡುಕುವ ಅಭ್ಯಾಸಕ್ಕೆ ಮೀಸಲಿಡಿ. ನೆಲದ ಮೇಲೆ ಸೀಮೆಸುಣ್ಣದಿಂದ ಚೌಕಗಳನ್ನು ಬರೆದು, ಅವುಗಳ ಮೇಲೆ ನಡೆಯಲು ಒಬ್ಬರು ಬರೆದುಕೊಟ್ಟ ಸೂಚನೆಗಳನ್ನು ಇನ್ನೊಬ್ಬರು ಸ್ವಂತ ಬುದ್ಧಿ ಬಳಸದೆ ಚಾಚೂ ತಪ್ಪದೆ ಪಾಲಿಸಲಿ. 'ಬಲಕ್ಕೆ' ಎಂದಾಗ ನಿಂತಲ್ಲೇ ತಿರುಗಬೇಕೋ, ಬಲಗಡೆಯ ಚೌಕಕ್ಕೆ ಕಾಲಿಡಬೇಕೋ ಎಂಬ ಗೊಂದಲ ಬೇಗನೆ ಎದುರಾಗುತ್ತದೆ. ಆಗ ಎಲ್ಲವನ್ನೂ ಅಳಿಸಿ ಬರೆಯಲು ಬಿಡದೆ, ತಪ್ಪಿದ ಸಾಲನ್ನಷ್ಟೇ ತಿದ್ದಿಸಿ ಮತ್ತೆ ನಡೆಸಿ. ಸರಿಯುತ್ತರವನ್ನು ಥಟ್ಟನೆ ಹೇಳಿಬಿಡುವುದು ನಮ್ಮ ವೃತ್ತಿಯ ಹಳೆಯ ಚಾಳಿ, "ತಪ್ಪು ಯಾವ ಸಾಲಿನಲ್ಲಿದೆ?" ಎಂದಷ್ಟೇ ಕೇಳಿ ಕಾಯುವುದನ್ನು ತರಬೇತಿಯಲ್ಲೇ ರೂಢಿಸಬೇಕಾಗುತ್ತದೆ.

ಎರಡನೆಯ ದಿನ ದಶಕ ಸಹಿತ ಸಂಕಲನದಂತಹ ಪಾಠವೊಂದನ್ನು ಹಂತಹಂತವಾಗಿ ಬಿಡಿಸಿ ಬರೆಯಿಸಿ. ಯಾರಾದರೂ ಲ್ಯಾಪ್‌ಟಾಪ್ ತಂದಿದ್ದರೆ, ಅಂದು ಮಧ್ಯಾಹ್ನ ಅದೇ ಚೌಕದಾಟವನ್ನು ಸ್ಕ್ರ್ಯಾಚ್‌ನಲ್ಲಿ ಮಾಡಿಸಬಹುದು.