ಆಂಗ್ಲಿಕನ್ ಬಳಗದ (ಇಂಗ್ಲೆಂಡಿನ ಚರ್ಚಿನ ಪರಂಪರೆಯ ಚರ್ಚುಗಳ ಕೂಟ) ಮೊದಲ ಮಹಿಳಾ ಬಿಷಪ್ ಯಾರು? ಅವರ ಹಿನ್ನೆಲೆ ಏನು?

ಬಾರ್ಬರಾ ಹ್ಯಾರಿಸ್. ಈ ಬಳಗದ ಅಮೆರಿಕದ ಶಾಖೆಯಾದ ಎಪಿಸ್ಕೋಪಲ್ ಚರ್ಚಿನವರು. (ನಮ್ಮ ಸಿ.ಎಸ್.ಐ., ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಕೂಡ ಇದೇ ಬಳಗಕ್ಕೆ ಸೇರಿದ್ದು.)

1930ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಈ ಕಪ್ಪು ಮಹಿಳೆ ಮೊದಲಿಗೆ ಪಾದ್ರಿಯೇನಲ್ಲ; ಸನ್ ಆಯಿಲ್ ಕಂಪನಿಯಲ್ಲಿ ಸಾರ್ವಜನಿಕ ಸಂಪರ್ಕದ ಕೆಲಸದಲ್ಲಿದ್ದರು. 1964ರ ಬೇಸಿಗೆಯಲ್ಲಿ ಮಿಸಿಸಿಪ್ಪಿಗೆ ಹೋಗಿ ಕಪ್ಪು ಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ದುಡಿದಿದ್ದರು. 1974ರ ಜುಲೈ 29ರಂದು ಅವರದೇ ಊರಿನ ಚರ್ಚಿನಲ್ಲಿ 11 ಮಹಿಳೆಯರು, ಮೇಲಿನವರ ಒಪ್ಪಿಗೆ ಇಲ್ಲದೆಯೇ, ಪಾದ್ರಿ ದೀಕ್ಷೆ ಪಡೆದರು. ಅಂದು ಮೆರವಣಿಗೆಯ ಮುಂದೆ ಶಿಲುಬೆ ಹಿಡಿದು ನಡೆದವರು ಇದೇ ಹ್ಯಾರಿಸ್. 1980ರಲ್ಲಿ ತಾವೇ ಪಾದ್ರಿಯಾದಾಗ ವಯಸ್ಸು 50.

1988ರಲ್ಲಿ ಮ್ಯಾಸಚೂಸೆಟ್ಸ್‌ನ ಸಹಾಯಕ ಬಿಷಪ್ ಆಗಿ ಆಯ್ಕೆಯಾದದ್ದೇ ತಡ, ಗಲಾಟೆ ಶುರು. ಸೆಮಿನರಿ (ಪಾದ್ರಿಗಳ ತರಬೇತಿ ಶಾಲೆ) ಪದವಿ ಇಲ್ಲ, ವಿಚ್ಛೇದಿತೆ ಎಂಬ ತಕರಾರುಗಳು. ಅಸಲಿ ಸಿಟ್ಟು ಹೆಣ್ಣೆಂಬುದಕ್ಕೇ ಅನ್ನೋದು ನನ್ನ ಅನಿಸಿಕೆ. ಕೊಲೆ ಬೆದರಿಕೆಗಳೂ ಬಂದವು. 1989ರ ಫೆಬ್ರವರಿ 11ರಂದು ನಡೆದ ಬಿಷಪ್ ಪಟ್ಟದ ಅಭಿಷೇಕಕ್ಕೆ ಪೊಲೀಸರು ಗುಂಡು ನಿರೋಧಕ ಕವಚ ಕೊಡಲು ಬಂದರೆ, ಬೇಡವೆಂದುಬಿಟ್ಟರು. ಬಾಸ್ಟನ್ನಿನ ಸಭಾಂಗಣದಲ್ಲಿ ಅಂದು ಸುಮಾರು 8,000 ಜನ ಸೇರಿದ್ದರು. 2002ರಲ್ಲಿ ನಿವೃತ್ತಿ, 2020ರ ಮಾರ್ಚ್‌ನಲ್ಲಿ ನಿಧನ.