ಸಂಪಾದಕರ ಉತ್ತರ: ಕುರ್ಚಿ ಸಿಕ್ಕಿತು, ಗುಮಾಸ್ತರಿರಲಿಲ್ಲ

ಚಳ್ಳಕೆರೆಯಿಂದ ನಿವೃತ್ತ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಅಟ್ಲಾಂಟಾದಲ್ಲಿರುವ ಮಗನ ಮನೆಯಲ್ಲಿ ಮೂರು ತಿಂಗಳು ಇದ್ದು ಬಂದವರು. ಪತ್ರ ನಾಲ್ಕು ಪುಟ ಇದೆ. ತಿರುಳು ಇಷ್ಟು: "ಅಲ್ಲಿನ ವಿಮಾನ ನಿಲ್ದಾಣದ ಹೆಸರಿನಲ್ಲಿ ಜಾಕ್ಸನ್ ಅಂತ ಇದೆ. ಯಾರಪ್ಪಾ ಅದು ಅಂದರೆ, ಊರಿನ ಮೊದಲ ಕಪ್ಪು ಮೇಯರ್ ಅಂದ ಮಗ. ಕಪ್ಪು ಮೇಯರ್‌ಗಳದ್ದೇ ಒಂದು ಸಂಘವೂ ಇದೆಯಂತೆ. ಮೇಯರ್ ಅಂದಮೇಲೆ ಊರಿಗೆಲ್ಲ ಮೇಯರ್ ಅಲ್ವಾ? ಬಣ್ಣ ನೋಡಿ ಸಂಘ ಯಾಕೆ? ಸಹಭಾಗಿತ್ವದ ಕಾರ್ಯಕ್ರಮ ಅಂತ ಮಾಡುತ್ತಾರಂತೆ. ಅದರಿಂದ ಜನರಿಗೆ ಏನಾದರೂ ಸಿಗುತ್ತಾ, ಇಲ್ಲಾ ಶಾಲು, ಹಾರ, ಫೋಟೊ ಇಷ್ಟೇನಾ? ಮುಂದಿನ ವರ್ಷ ಮತ್ತೆ ಹೋಗುವುದಿದೆ. ಈ ವಿಷಯದಲ್ಲಿ ನೋಡುವಂಥ ಜಾಗ ಇದ್ದರೆ ತಿಳಿಸಿ."

ಮೇಷ್ಟ್ರೇ, ನಮಸ್ಕಾರ.

ಮೊದಲು ಜಾಕ್ಸನ್ ವಿಷಯ ಮುಗಿಸಿಬಿಡೋಣ. ಮೇನಾರ್ಡ್ ಜಾಕ್ಸನ್ 1973ರಲ್ಲಿ ಗೆದ್ದಾಗ ಅವರಿಗೆ 35 ವರ್ಷ. ಆ ಹೊತ್ತಿಗೆ ಊರಿನ ಅರ್ಧಕ್ಕಿಂತ ಜಾಸ್ತಿ ಜನ ಕಪ್ಪು ಜನರೇ. ಆದರೆ ನಗರಸಭೆ ಕೊಡುತ್ತಿದ್ದ ಗುತ್ತಿಗೆಯಲ್ಲಿ ಅವರ ಪಾಲು ಶೇ 1ರಷ್ಟೂ ಇರಲಿಲ್ಲ. ಅಷ್ಟರಲ್ಲಿ ವಿಮಾನ ನಿಲ್ದಾಣಕ್ಕೆ ಹೊಸ ಟರ್ಮಿನಲ್ ಕಟ್ಟುವ ಕೆಲಸ ಬಂತು. ದೊಡ್ಡ ಕಂಪನಿಗಳು ಕಪ್ಪು ಜನರ ಕಂಪನಿಗಳನ್ನು ಪಾಲುದಾರರನ್ನಾಗಿ ಸೇರಿಸಿಕೊಂಡೇ ಬರಬೇಕು, ಕೆಲಸದ ಕಾಲು ಭಾಗ ಅವರಿಗೆ ಸಿಗಬೇಕು ಎಂದು ಜಾಕ್ಸನ್ ಪಟ್ಟು ಹಿಡಿದರು. ಉದ್ಯಮಿಗಳು ಕೂಗಾಡಿದರು. ಜಾಕ್ಸನ್ ಬಗ್ಗಲಿಲ್ಲ. 1980ರಲ್ಲಿ ಟರ್ಮಿನಲ್ ತೆರೆಯಿತು. 2003ರಲ್ಲಿ ಅವರು ತೀರಿಕೊಂಡ ಮೇಲೆ ನಿಲ್ದಾಣಕ್ಕೆ ಅವರ ಹೆಸರೂ ಸೇರಿತು.

ಹಾಗಂತ ಅವರನ್ನು ದೇವರ ಪಟದ ಪಕ್ಕ ಇಡಬೇಕಾಗಿಲ್ಲ. 1977ರಲ್ಲಿ ಪೌರಕಾರ್ಮಿಕರು ಸಂಬಳ ಹೆಚ್ಚಿಸಿ ಎಂದು ಮುಷ್ಕರ ಹೂಡಿದಾಗ ಸುಮಾರು 900 ಜನರನ್ನು ಕೆಲಸದಿಂದ ತೆಗೆದವರೂ ಇವರೇ. ಅವರಲ್ಲಿ ಬಹಳಷ್ಟು ಜನ ಇವರಿಗೇ ಓಟು ಹಾಕಿದ್ದ ಕಪ್ಪು ಜನ. ಗುತ್ತಿಗೆದಾರನ ಮನೆಗೆ ಬಂದ ಲಕ್ಷ್ಮಿ ಕಸ ಗುಡಿಸುವವನ ಮನೆಗೂ ಬರಬೇಕು ಅಂತೇನೂ ಇಲ್ಲವಲ್ಲ.

ಇನ್ನು ಸಂಘ. ಅದರ ಗುಟ್ಟು ಅಟ್ಲಾಂಟಾದಂಥ ದೊಡ್ಡ ಊರಿನಲ್ಲಿ ಸಿಗುವುದಿಲ್ಲ. ಅದನ್ನು ತಿಳಿಯಬೇಕಾದರೆ ಮಿಸಿಸಿಪಿ ನದಿಯ ದಂಡೆಯ ಮೇಯರ್ಸ್‌ವಿಲ್‌ಗೆ ಹೋಗಬೇಕು. ಹೆಸರಿನಲ್ಲೇ ಮೇಯರ್ ಇದೆ, ಆದರೆ 1976ರವರೆಗೆ ಊರಿಗೆ ಮೇಯರೇ ಇರಲಿಲ್ಲ! ಐನೂರರ ಆಸುಪಾಸಿನ ಜನ. ಡಾಂಬರು ರಸ್ತೆ ಇಲ್ಲ, ಒಳಚರಂಡಿ ಇಲ್ಲ. ನಮ್ಮಲ್ಲಿ ಹಳ್ಳಿಗೆ ಪಟ್ಟಣ ಪಂಚಾಯಿತಿ ಸ್ಥಾನ ಸಿಗುತ್ತದಲ್ಲ, ಅಂಥ ಸ್ಥಾನವೂ ಇಲ್ಲ. ಸ್ಥಾನ ಇಲ್ಲದ ಊರು ವಾಷಿಂಗ್ಟನ್‌ಗೆ ಅರ್ಜಿ ಹಾಕುವುದು ಹೇಗೆ?

ಯುನಿಟಾ ಬ್ಲ್ಯಾಕ್‌ವೆಲ್ ಎಂಬ ಹೆಣ್ಣುಮಗಳು ಹತ್ತಿ ಬಿಡಿಸಿ ಬೆಳೆದವರು. ಅಪ್ಪ ಅಮ್ಮ ಕೋರು ಪಾಲಿಗೆ ಇನ್ನೊಬ್ಬರ ಹೊಲ ಮಾಡುತ್ತಿದ್ದವರು. ಓದಿದ್ದು ಎಂಟನೇ ತರಗತಿ. 1964ರಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದಾಗ ಪರೀಕ್ಷೆಯ ನೆಪದಲ್ಲಿ ವಾಪಸ್ ಕಳಿಸಿದರು. ಮತ್ತೆ ಹೋದರು. ಮೂರನೇ ಸಲಕ್ಕೆ ಹೆಸರು ಸೇರಿತು. ಚಳವಳಿ ಮಾಡಿ ಎಷ್ಟೋ ಸಲ ಜೈಲು ಕಂಡರು. ಆಮೇಲೆ ಕಪ್ಪು ಮಹಿಳೆಯರ ರಾಷ್ಟ್ರೀಯ ಮಂಡಳಿಯೊಂದಕ್ಕೆ ಸೇರಿ, ಬಡವರು ಕಂತಿನಲ್ಲಿ ಸ್ವಂತ ಮನೆ ಮಾಡಿಕೊಳ್ಳುವ ಸರ್ಕಾರಿ ಯೋಜನೆಗಾಗಿ ದೇಶ ಸುತ್ತಿದರು. ಮಂಡಳಿ ಜನರನ್ನು ಸೇರಿಸುತ್ತಿತ್ತು, ಸರ್ಕಾರ ದುಡ್ಡು ಹಾಕುತ್ತಿತ್ತು. ಯಾವ ಕಾಗದ ಯಾವ ಮೇಜಿನ ಮೇಲೆ ಹೋಗಬೇಕು ಎನ್ನುವುದನ್ನು ಬ್ಲ್ಯಾಕ್‌ವೆಲ್ ಕಲಿತದ್ದು ಅಲ್ಲಿ.

ಆ ವಿದ್ಯೆಯನ್ನು ಅವರು ತಮ್ಮೂರಿಗೆ ತಂದರು. 1976ರಲ್ಲಿ ಮೇಯರ್ಸ್‌ವಿಲ್‌ಗೆ ಪುರಸಭೆಯ ಸ್ಥಾನ ಸಿಕ್ಕಿತು. ಅದೇ ವರ್ಷ ಅವರು ಮೇಯರ್ ಆದರು, ಮಿಸಿಸಿಪಿ ರಾಜ್ಯದಲ್ಲೇ ಮೇಯರ್ ಆದ ಮೊದಲ ಕಪ್ಪು ಮಹಿಳೆ. ರಸ್ತೆ ಬಂತು, ನಲ್ಲಿ ನೀರು ಬಂತು, ಚರಂಡಿ ಬಂತು. ಮುದುಕರಿಗೆ, ಅಂಗವಿಕಲರಿಗೆ ಮನೆಗಳಾದವು. ಇಷ್ಟೆಲ್ಲ ಮಾಡಿದ ಮೇಲೂ ಅವರಿಗೆ ತಾವು ಕಲಿತದ್ದು ಸಾಲದು ಅನಿಸಿತು ನೋಡಿ. ಹೈಸ್ಕೂಲು ಮುಗಿಸದ ಈಕೆ ವಿಶೇಷ ಫೆಲೋಶಿಪ್ ಪಡೆದು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯಕ್ಕೆ ಸೇರಿದರು. 1983ರಲ್ಲಿ ಪ್ರಾದೇಶಿಕ ಯೋಜನೆಯಲ್ಲಿ ಎಂ.ಎ. ಮುಗಿಸಿದರು. 1990ರಲ್ಲಿ ಕಪ್ಪು ಮೇಯರ್‌ಗಳ ರಾಷ್ಟ್ರೀಯ ಸಮ್ಮೇಳನದ ಅಧ್ಯಕ್ಷೆಯಾದರು. ಸಮ್ಮೇಳನ ಎನ್ನುವುದು ಹೆಸರಷ್ಟೇ, ಅದೇ ನೀವು ಕೇಳಿದ ಸಂಘ.

ಇದು ಹುಟ್ಟಿದ್ದು 1974ರಲ್ಲಿ, ದಕ್ಷಿಣದ ಬೆರಳೆಣಿಕೆಯ ಮೇಯರ್‌ಗಳ ಕೂಟವಾಗಿ. 1965ರ ಮತದಾನ ಹಕ್ಕು ಕಾಯ್ದೆ ಬಂದ ಮೇಲೆ ಅಲಬಾಮಾ, ಮಿಸಿಸಿಪಿ ಕಡೆಯ ಸಣ್ಣ ಊರುಗಳಲ್ಲಿ ಕಪ್ಪು ಜನ ಗೆಲ್ಲತೊಡಗಿದರು. ಗೆದ್ದವರಲ್ಲಿ ಹೆಚ್ಚಿನವರು ಮೇಷ್ಟ್ರು, ಪಾದ್ರಿ, ಅಂಗಡಿಯವರು. ಮೇಯರ್‌ಗಿರಿ ಹೊಟ್ಟೆ ತುಂಬಿಸುವ ಕೆಲಸವಲ್ಲ, ಹಗಲು ಬೇರೆ ದುಡಿಮೆ. ಪುರಸಭೆ ಕಚೇರಿಯಲ್ಲಿ ಒಬ್ಬ ಗುಮಾಸ್ತೆ ಇದ್ದರೆ ಅದೇ ದೊಡ್ಡದು. ಎಂಜಿನಿಯರ್ ಇಲ್ಲ, ವಕೀಲರಿಲ್ಲ. ಇತ್ತ 1974ರಲ್ಲೇ ಕೇಂದ್ರ ಸರ್ಕಾರ ಸಮುದಾಯ ಅಭಿವೃದ್ಧಿಗೆ ಒಟ್ಟು ಅನುದಾನ ಕೊಡುವ ಹೊಸ ಕಾಯ್ದೆ ತಂದಿತ್ತು. ದುಡ್ಡಿದೆ. ಆದರೆ ಅರ್ಜಿ ಬೇಕು, ಅಂದಾಜು ಪಟ್ಟಿ ಬೇಕು, ಲೆಕ್ಕಪತ್ರ ಬೇಕು. ಇದನ್ನೆಲ್ಲ ಬರೆಯಲು ಆಳಿಟ್ಟುಕೊಂಡ ಊರಿಗೆ ಹಣ ಹೋಗುತ್ತದೆ. ಚರಂಡಿಯೇ ಇಲ್ಲದ ಊರು ಸುಮ್ನೆ ನೋಡುತ್ತಾ ಕೂರುತ್ತದೆ.

ಸಹಭಾಗಿತ್ವ ಅಂದರೆ ಇಲ್ಲಿ ಇದೇ. ಇಪ್ಪತ್ತು ಊರಿನ ಮೇಯರ್‌ಗಳು ಸೇರಿದರೆ ಅರ್ಜಿ ಬರೆಯಬಲ್ಲ ಒಬ್ಬರನ್ನು ಹಂಚಿಕೊಳ್ಳಬಹುದು. ಪಕ್ಕದ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗದವರನ್ನು ಕರೆದು ನೀರಿನ ಕೊಳವೆಯ ನಕ್ಷೆ ಮಾಡಿಸಬಹುದು. ಇಲಾಖೆಯ ಅಧಿಕಾರಿ ಒಬ್ಬ ಮೇಯರ್ ಫೋನು ಮಾಡಿದರೆ ಎತ್ತಲಿಕ್ಕಿಲ್ಲ, ಸಂಘ ಕರೆದರೆ ಬಂದು ಕೂರುತ್ತಾನೆ. ಅಲಬಾಮಾಕ್ಕೆ, ಮಿಸಿಸಿಪಿಗೆ ಈಗಲೂ ಬೇರೆ ಬೇರೆ ರಾಜ್ಯ ಸಂಘಗಳಿವೆ. ನನ್ನ ಲೆಕ್ಕದಲ್ಲಿ ರಾಷ್ಟ್ರ ಮಟ್ಟದ ಭಾಷಣಗಳಿಗಿಂತ ಈ ಸಣ್ಣ ಸಂಘಗಳ ಕೆಲಸವೇ ತೂಕದ್ದು.

ಬಣ್ಣ ಯಾಕೆ ಅಂದಿರಿ. ಇಂಡಿಯಾನಾ ರಾಜ್ಯದ ಗೇರಿ ಎಂಬ ಉಕ್ಕಿನ ಊರನ್ನು ನೋಡಿ. 1967ರ ನವೆಂಬರ್ 7ರಂದು ಅಲ್ಲಿ ಕಪ್ಪು ಜನಾಂಗದ ರಿಚರ್ಡ್ ಹ್ಯಾಚರ್ ಮೇಯರ್ ಚುನಾವಣೆ ಗೆದ್ದರು. ಅದೇ ದಿನ ಕ್ಲೀವ್‌ಲ್ಯಾಂಡ್‌ನಲ್ಲಿ ಇನ್ನೊಬ್ಬ ಕಪ್ಪು ಅಭ್ಯರ್ಥಿ ಕಾರ್ಲ್ ಸ್ಟೋಕ್ಸ್ ಗೆದ್ದರು. ಹ್ಯಾಚರ್ ಕುರ್ಚಿಯಲ್ಲಿ ಕೂತದ್ದೇ ತಡ, ಬಿಳಿಯರು ಗಂಟುಮೂಟೆ ಕಟ್ಟುವುದು ಜೋರಾಯಿತು. ದೊಡ್ಡ ಊರಿನ ಮೂರು ಮೈಲಿಯೊಳಗೆ ಇನ್ನೊಂದು ಊರು ಹುಟ್ಟಬಾರದು ಎನ್ನುವ ನಿಯಮ ಆ ರಾಜ್ಯದಲ್ಲಿತ್ತು. ಶಾಸನಸಭೆ ಆ ಜಿಲ್ಲೆಗೆ ಮಾತ್ರ ವಿನಾಯಿತಿ ಕೊಟ್ಟಿತು. 1971ರಲ್ಲಿ ಪಕ್ಕದಲ್ಲೇ ಮೆರಿಲ್‌ವಿಲ್ ಎಂಬ ಊರು ತಲೆ ಎತ್ತಿತು. ಅಂಗಡಿ, ಮುಂಗಟ್ಟು, ತೆರಿಗೆ ಎಲ್ಲ ಅತ್ತ ಹೋದವು. ಉಕ್ಕಿನ ಕೆಲಸವೂ ಕರಗಿತು. 1960ರಲ್ಲಿ 1,78,000 ಜನರಿದ್ದ ಗೇರಿಯಲ್ಲಿ 2020ರ ಗಣತಿಗೆ 70,000 ಕೂಡ ಉಳಿದಿರಲಿಲ್ಲ. ಮೇಯರ್ ಊರಿಗೆಲ್ಲ ಮೇಯರೇ, ಮೇಷ್ಟ್ರೇ. ಊರೇ ಎದ್ದು ಹೋದರೆ ಏನು ಮಾಡುವುದು? ಇಂಥ ಪಾಡು ಬಂದವರು ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗುವುದರಲ್ಲಿ ನನಗೇನೂ ವಿಚಿತ್ರ ಕಾಣುವುದಿಲ್ಲ.

ನಿಮ್ಮ ಶಾಲು-ಹಾರದ ಅನುಮಾನ ಪೂರ್ತಿ ಸುಳ್ಳಲ್ಲ. ಸಂಘ ನಡೆಯಲು ಹಣ ಬೇಕು. ಬಡ ಊರುಗಳ ಚಂದಾದಿಂದ ಏನಾಗುತ್ತದೆ? ಕಂಪನಿಗಳು ಪ್ರಾಯೋಜಕರಾಗಿ ಬರುತ್ತವೆ. ಸಮಾವೇಶದ ಊಟಕ್ಕೆ ದುಡ್ಡು ಕೊಟ್ಟವರು ಮಾರನೇ ದಿನ ತಮ್ಮ ಸರಕು ಹಿಡಿದು ಬಂದರೆ ಬೇಡ ಅನ್ನುವುದು ಕಷ್ಟ. ಸಿಗರೇಟು ಕಂಪನಿಗಳು ಒಂದು ಕಾಲಕ್ಕೆ ಕಪ್ಪು ಜನರ ಎಷ್ಟೋ ಸಂಸ್ಥೆಗಳಿಗೆ ಧಾರಾಳವಾಗಿ ಕೊಟ್ಟವು, ಅವರ ಕೇರಿಗಳಲ್ಲೇ ಮೆಂಥಾಲ್ ಸಿಗರೇಟಿನ ಬೋರ್ಡುಗಳನ್ನೂ ನಿಲ್ಲಿಸಿದವು. ಹಳೆಯ ಮೇಯರ್ ಸಂಘವಂತೂ ಒಳಜಗಳ, ಕೋರ್ಟು, ಕಚೇರಿ ಅಂತ ಅಲೆದು 2014ರಲ್ಲಿ ದಿವಾಳಿ ಅರ್ಜಿಗೆ ಬಂದು ನಿಂತಿತು. ಅದೇ ವರ್ಷ ಆಫ್ರಿಕನ್ ಅಮೆರಿಕನ್ ಮೇಯರ್‌ಗಳ ಸಂಘ ಎಂಬ ಹೊಸದು ವಾಷಿಂಗ್ಟನ್‌ನಲ್ಲಿ ಶುರುವಾಯಿತು. ಮೊದಲ ಅಧ್ಯಕ್ಷರು ಕೆವಿನ್ ಜಾನ್ಸನ್, ಬ್ಯಾಸ್ಕೆಟ್‌ಬಾಲ್ ಆಡಿ ಹೆಸರಾದವರು, ಆಗ ಸ್ಯಾಕ್ರಮೆಂಟೊ ಮೇಯರ್. 2023ರಲ್ಲಿ ದೇಶದ ನಾಲ್ಕು ಅತಿ ದೊಡ್ಡ ನಗರಗಳಾದ ನ್ಯೂಯಾರ್ಕ್, ಲಾಸ್ ಏಂಜಲೀಸ್, ಶಿಕಾಗೊ, ಹ್ಯೂಸ್ಟನ್‌ಗಳಲ್ಲಿ ಕಪ್ಪು ಮೇಯರ್‌ಗಳೇ ಇದ್ದರು. ಅವರ ಹೆಸರು ಪೇಪರಿನಲ್ಲಿ ಬರುತ್ತದೆ. ಮೇಯರ್ಸ್‌ವಿಲ್‌ನಂಥ ಊರಿನವರದ್ದು ಬರುವುದಿಲ್ಲ.

ಕಾನೂನಿನ ಪೆಟ್ಟೂ ಬಿದ್ದಿದೆ. ವರ್ಜೀನಿಯಾ ರಾಜ್ಯದ ರಿಚ್ಮಂಡ್ ನಗರ ಗುತ್ತಿಗೆ ಹಣದ ಶೇ 30ನ್ನು ಅಲ್ಪಸಂಖ್ಯಾತರ ಕಂಪನಿಗಳಿಗೆ ಮೀಸಲಿಟ್ಟಿತ್ತು. 1989ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಜಾಕ್ಸನ್ ಹಿಡಿದಿದ್ದ ಪಟ್ಟನ್ನು ಈಗಿನವರು ಅಷ್ಟು ಸಲೀಸಾಗಿ ಹಿಡಿಯುವಂತಿಲ್ಲ.

ಈಗ ನೋಡುವ ಜಾಗ. ಮಗನಿಗೆ ಒಂದು ದಿನ ಬಿಡುವು ಮಾಡಿಕೊಳ್ಳಲು ಹೇಳಿ. ಅಟ್ಲಾಂಟಾದಿಂದ ಕಾರಿನಲ್ಲಿ ಎರಡು ಗಂಟೆ ಹೋದರೆ ಅಲಬಾಮಾದ ಟಸ್ಕೀಗಿ. ಸಂಘ ಕಟ್ಟಿದವರಲ್ಲಿ ಒಬ್ಬರಾದ ಜಾನಿ ಫೋರ್ಡ್ 1972ರಲ್ಲಿ ಮೇಯರ್ ಆದದ್ದು ಅಲ್ಲಿ. ಅದೇ ವರ್ಷ ಆ ಊರಿನ ಹೆಸರು ಬೇರೊಂದು ಕಾರಣಕ್ಕೆ ದೇಶದ ಬಾಯಲ್ಲಿತ್ತು. 1932ರಿಂದ ಸರ್ಕಾರಿ ಆರೋಗ್ಯ ಸೇವೆಯವರು ಅಲ್ಲಿನ 600 ಕಪ್ಪು ಗಂಡಸರ ಮೇಲೆ ಅಧ್ಯಯನ ನಡೆಸಿದ್ದರು. 399 ಜನರಿಗೆ ಸಿಫಿಲಿಸ್ ಎಂಬ ಲೈಂಗಿಕ ರೋಗ ಇತ್ತು. ಅವರಿಗೆ ಹೇಳಿದ್ದು "ನಿಮ್ಮದು ಕೆಟ್ಟ ರಕ್ತ" ಎಂದಷ್ಟೇ. ಅದನ್ನು ವಾಸಿಮಾಡುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಊಟ ಕೊಟ್ಟರು, ಸತ್ತರೆ ಮಣ್ಣಿನ ಖರ್ಚು ಕೊಡುತ್ತೇವೆ ಅಂದರು. ಊರಿನ ಸಂಸ್ಥೆಯೂ ಅದರಲ್ಲಿ ಕೈಜೋಡಿಸಿತ್ತು. ಕಾಗದದ ಮೇಲೆ ಅದೂ ಸಹಭಾಗಿತ್ವವೇ! 1997ರಲ್ಲಿ ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳಿದರು. ಯಾವುದಾದರೂ ಇಲಾಖೆ ಹೊಸ ಯೋಜನೆ ಹಿಡಿದು ಬಂದಾಗ ಅಲ್ಲಿಯ ಹಿರಿಯರು ಮೊದಲು ಯಾಕೆ ಅನುಮಾನದಿಂದ ನೋಡುತ್ತಾರೆ ಎನ್ನುವುದು ಅಲ್ಲಿ ನಿಂತರೆ ತಿಳಿಯುತ್ತದೆ. ತಮ್ಮೂರಿನ ಮೇಯರ್ ಅಂಥ, ಜನ ನಂಬುವ ಮುಖವೊಂದು ನಡುವೆ ನಿಲ್ಲಬೇಕಾಗುತ್ತದೆ.

ಅದೇ ಊರಲ್ಲಿ ನಿಮಗೆ ಇಷ್ಟವಾಗುವುದೂ ಒಂದಿದೆ. ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅಲ್ಲಿನ ಕಾಲೇಜಿನಲ್ಲೇ ಪಾಠ ಮಾಡಿದ್ದು. ಹತ್ತಿ ಬೆಳೆದು ಬೆಳೆದು ಸತ್ತುಹೋದ ಮಣ್ಣಿಗೆ ಶೇಂಗಾ ಹಾಕಿ ಎಂದು ರೈತರಿಗೆ ಹೇಳಿಕೊಟ್ಟವರು. ರೈತರು ಕಾಲೇಜಿಗೆ ಬರುವುದಿಲ್ಲ ಅಂತ 1906ರಲ್ಲಿ ಕಾಲೇಜನ್ನೇ ಹೇಸರಗತ್ತೆ ಗಾಡಿಗೆ ಕಟ್ಟಿ ಹೊಲಕ್ಕೆ ಕಳಿಸಿದರು. ನೇಗಿಲು, ಬೀಜ, ಬೆಣ್ಣೆ ಕಡೆಯುವ ಯಂತ್ರ, ಎಲ್ಲವೂ ಗಾಡಿಯಲ್ಲಿ. ಗಾಡಿಯ ದುಡ್ಡು ನ್ಯೂಯಾರ್ಕಿನ ಬ್ಯಾಂಕರ್ ಮಾರಿಸ್ ಜೆಸಪ್ ಕೊಟ್ಟದ್ದು. ಅದಕ್ಕೇ ಅದರ ಹೆಸರು ಜೆಸಪ್ ಗಾಡಿ. ಆ ಕಾಲೇಜು ಈಗ ಟಸ್ಕೀಗಿ ವಿಶ್ವವಿದ್ಯಾಲಯ. ಕಾರ್ವರ್ ವಸ್ತುಸಂಗ್ರಹಾಲಯ ಅದರ ಆವರಣದಲ್ಲೇ ಇದೆ. ಶೇಂಗಾ ಊರಿನವರಾದ ನೀವು ಅದನ್ನು ನೋಡದೆ ಬರಬೇಡಿ.

ಬೆಳಿಗ್ಗೆ ಬೇಗ ಹೊರಡಿ. ಅಲಬಾಮಾದ ಗಡಿ ದಾಟಿದರೆ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಗಾಬರಿಯಾಗಬೇಡಿ. ವಾಪಸ್ ಬರುವಾಗ ಆ ಗಂಟೆಯನ್ನು ಕಳೆದುಕೊಳ್ಳುತ್ತೀರಿ. ಊಟದ ಹೊತ್ತನ್ನು ಅದಕ್ಕೆ ತಕ್ಕಂತೆ ನೋಡಿಕೊಳ್ಳಿ.