ಬಾಕಿ ಸಾಲ, ಹಿಂದಿನ ಕುಡಿತ ಮತ್ತು ಅಮೆರಿಕದ ಸೆಕ್ಯೂರಿಟಿ ಕ್ಲಿಯರೆನ್ಸ್
ಕ್ರೆಡಿಟ್ ಕಾರ್ಡ್ ಬಾಕಿ ಇದೆ, ಹಿಂದೆ ಕುಡಿತವೂ ಇತ್ತು, ಸೆಕ್ಯೂರಿಟಿ ಕ್ಲಿಯರೆನ್ಸ್‌ಗೆ (ಸರ್ಕಾರದ ಗುಪ್ತ ಮಾಹಿತಿ ನೋಡಲು ಬೇಕಾದ ಅನುಮತಿಗೆ) ಇವು ಅಡ್ಡ ಬರುತ್ತವಾ ಅಂತ ಕೇಳಿದ್ದೀರಿ. ಈ ಎರಡರಲ್ಲಿ ಜಾಸ್ತಿ ಅಡ್ಡ ಬರುವುದು ಕಾರ್ಡ್ ಬಾಕಿ. ಕುಡಿತ ಬಿಟ್ಟು ಮೂರು ವರ್ಷ ಆಗಿದೆಯಲ್ಲ, ಅದು ನಿಮ್ಮ ಪರವಾಗಿಯೇ ಇದೆ. ಸಾಲ ಕಲೆಕ್ಷನ್‌ಗೆ (ವಸೂಲಿ ಮಾಡುವವರ ಕೈಗೆ) ಹೋದ ಮೇಲೂ ಸುಮ್ನೆ ಕೂತರೆ ಕಷ್ಟ. ಮೊದಲು ಕ್ರೆಡಿಟ್ ರಿಪೋರ್ಟ್ (ನಿಮ್ಮ ಸಾಲಗಳ ದಾಖಲೆ) ತೆಗೆದು ನೋಡಿ. ಪ್ರತಿ ಬಾಕಿಗೂ ಕಂತಿನ ಒಪ್ಪಂದ ಬರಹದಲ್ಲೇ ಮಾಡಿಕೊಂಡು ಕಟ್ಟಲು ಶುರು ಮಾಡಿ, ಕಂತು ಚಿಕ್ಕದಾದರೂ ಪರವಾಗಿಲ್ಲ, ತಿಂಗಳು ತಪ್ಪಬಾರದು, ರಸೀದಿ ಎತ್ತಿಡಿ. ಆಮೇಲೆ ಎಸ್‌ಎಫ್-86, ಅಂದರೆ ಕ್ಲಿಯರೆನ್ಸ್‌ಗಾಗಿ ತುಂಬುವ ಫಾರ್ಮ್. ಕಳೆದ 7 ವರ್ಷದಲ್ಲಿ ಯಾವುದಾದರೂ ಸಾಲ 120 ದಿನ ಮೀರಿ ಬಾಕಿ ಇತ್ತಾ ಅಂತ ಅದರಲ್ಲಿ ಕೇಳುತ್ತಾರೆ, ತೀರಿಸಿದ್ದರೂ ಬರೆಯಿರಿ. ಕುಡಿತದ ಪ್ರಶ್ನೆಗಳಿಗೂ ಹಾಗೆಯೇ, ಏನನ್ನೂ ಮುಚ್ಚಿಡಬೇಡಿ, ದಯವಿಟ್ಟು. ಬೇಕೆಂದೇ ಸುಳ್ಳು ಬರೆಯುವುದು ಅಪರಾಧ. ಕ್ಲಿಯರೆನ್ಸ್ ಸಿಕ್ಕೇ ಸಿಗುತ್ತದೆ ಅಂತ ಯಾರೂ ಖಾತ್ರಿ ಕೊಡಲಾರರು, ಎಲ್ಲವನ್ನೂ ಒಟ್ಟಿಗೆ ನೋಡಿ ತೀರ್ಮಾನಿಸುತ್ತಾರೆ. ಕ್ಲಿಯರೆನ್ಸ್ ಬಗ್ಗೆ ಆಕ್ಷೇಪದ ಪತ್ರ ಬಂದರೆ ಗಡುವಿನೊಳಗೆ ಆ ರಸೀದಿಗಳ ಸಮೇತ ಉತ್ತರ ಕಳಿಸಿ.